ಬ್ಲೌಸ್ ಲೂಸ್ ಮಾಡಿಸುವ ಮೊದಲು

ಉಡುಪಿಯ ಕಿನ್ನಿಮೂಲ್ಕಿಯಲ್ಲಿ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ. ಮದುವೆ ಸೀಸನ್ ಬಂತೆಂದರೆ ಹಳೇ ಬ್ಲೌಸ್ ಹಿಡಿದುಕೊಂಡು ಬರುವವರೇ ಜಾಸ್ತಿ. "ಅಕ್ಕಾ, ಒಳಗೆ ಬಟ್ಟೆ ಉಂಟಲ್ವಾ? ಸ್ವಲ್ಪ ಲೂಸ್ ಮಾಡಿ ಕೊಡಿ." ಉಂಟು, ಎರಡು ಹೊಲಿಗೆ ಬಿಚ್ಚುವಷ್ಟು ನಾನೇ ಬಿಟ್ಟಿರುತ್ತೇನೆ. ಕೆಲವರದ್ದು ಉಲ್ಟಾ. "ಒಂದಿಂಚು ಟೈಟೇ ಹೊಲಿಯಿರಿ, ಅಷ್ಟರಲ್ಲಿ ಸಪೂರ ಆಗ್ತೇನೆ" ಎನ್ನುತ್ತಾರೆ. ಅಂಥ ಬ್ಲೌಸ್ ಹೆಚ್ಚಾಗಿ ಮದುವೆಯ ಹಿಂದಿನ ದಿನ ನನ್ನ ಮೇಜಿಗೇ ವಾಪಸ್ ಬರುತ್ತದೆ. ಹುರುಪನ್ನು ನಂಬಿ ಕೂತರೆ ಹೀಗೇ. ಹುರುಪು ಇಲ್ಲದ ದಿನವೂ ಸಪೂರ ಆಗುವ ಕೆಲಸ ನಡೆಯುವ ಹಾಗೆ ಹೊಂದಿಸಿಕೊಳ್ಳಬೇಕು.

ಮೊದಲು ಟೇಪು ಹಿಡಿಯಿರಿ. ತೂಕದ ಯಂತ್ರ ದಿನಾ ನೋಡಬೇಡಿ, ನಾಲ್ಕು ಲೋಟ ನೀರು ಕುಡಿದರೂ ಅದು ಏರುತ್ತದೆ, ಸುಮ್ನೆ ಮನಸ್ಸು ಕೆಡುತ್ತದೆ. ಸೊಂಟದ ಅಳತೆ ಸೀರೆ ಕಟ್ಟುವ ಜಾಗದಲ್ಲಿ ಅಲ್ಲ, ಅದು ಕೆಳಗಾಯಿತು. ಕೊನೆಯ ಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುಮಧ್ಯ ಟೇಪು ಬರಬೇಕು. ಟೇಪು ತಾಗಿದ ಕೂಡಲೇ ಎಲ್ಲರೂ ಹೊಟ್ಟೆ ಎಳೆದುಕೊಳ್ಳುತ್ತಾರೆ. ಆಗ ನಾನು "ಮಗಳ ರಿಸಲ್ಟ್ ಬಂತಾ?" ಎಂದು ಮಾತು ತೆಗೆಯುತ್ತೇನೆ. ಉತ್ತರ ಕೊಡುವಾಗ ಹೊಟ್ಟೆ ತಾನಾಗಿ ಸಡಿಲ ಬೀಳುತ್ತದೆ, ಅಷ್ಟರಲ್ಲಿ ಅಳತೆ ಓದಿ ಆಗಿರುತ್ತದೆ. ಮನೆಯಲ್ಲಾದರೆ ಉಸಿರು ಸಹಜವಾಗಿ ಹೊರಗೆ ಬಿಟ್ಟು ನೋಡಿ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಸಕ್ಕರೆ ಕಾಯಿಲೆ, ಹೃದಯದ ತೊಂದರೆಯ ಅಪಾಯ ಹೆಚ್ಚು ಎಂದು ಲೆಕ್ಕ. ತಿಂಗಳಿಗೊಮ್ಮೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಅಳೆದು ಬರೆದಿಡಿ.

ನಡೆಯುವುದಕ್ಕೆ ಬೇರೆ ಟೈಮ್ ಹುಡುಕಬೇಡಿ, ಸಿಗುವುದಿಲ್ಲ. ಹೇಗೂ ಹೋಗುವ ದಾರಿಗೇ ಅದನ್ನು ಸೇರಿಸಿ. ನಾನು ಸಂತೆಕಟ್ಟೆಯಿಂದ ಬರುವವಳು. ಬಸ್‌ಸ್ಟ್ಯಾಂಡಿನಲ್ಲೇ ಇಳಿದು ಜೋಡುಕಟ್ಟೆ ದಾಟಿ ಅಂಗಡಿಗೆ ನಡೆಯುತ್ತೇನೆ. ಸಂಜೆಯೂ ಹಾಗೆಯೇ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹೋಗುವಾಗ ಹದಿನೈದು, ಬರುವಾಗ ಹದಿನೈದು, ವಾರಕ್ಕೆ ಐದು ದಿನ. ಅಲ್ಲಿಗೆ ಲೆಕ್ಕ ಸರಿಯಾಯಿತು. ಹಾಡುವಷ್ಟು ಉಸಿರು ಇರಬಾರದು, ಮಾತಾಡುವಷ್ಟು ಇರಬೇಕು. ಅದೇ ಚುರುಕು ನಡಿಗೆ. ಸಕ್ಕರೆ, ಬಿಪಿ ಮಾತ್ರೆ ತಗೊಳ್ಳುವವರು ಡಾಕ್ಟರ ಹತ್ತಿರ ಒಂದು ಮಾತು ಕೇಳಿಕೊಳ್ಳಿ.

ಊಟದ್ದು ಕಷ್ಟ ಮಾರಾಯ್ರೆ. ನಾಲ್ಕು ಗಂಟೆಗೆ ಪಕ್ಕದ ಹೋಟೆಲಿನಿಂದ ಗೋಳಿಬಜೆಯ ಪರಿಮಳ ಬಂದರೆ ಮಿಷನ್ ಮೇಲಿನ ಕಾಲು ತಾನಾಗಿ ನಿಲ್ಲುತ್ತದೆ. ಮೈದಾ, ಎಣ್ಣೆ, ಎಲ್ಲ ಗೊತ್ತುಂಟು. ಗೊತ್ತಿದ್ದರೆ ಸಾಲದು, ಮೂರೂವರೆಗೇ ಹೊಟ್ಟೆಗೆ ಏನಾದರೂ ಬಿದ್ದಿರಬೇಕು. ನಾನು ಕಡ್ಲೆ ಬೇಯಿಸಿ ಒಗ್ಗರಣೆ ಹಾಕಿ ಡಬ್ಬಿಯಲ್ಲಿ ತರುತ್ತೇನೆ. ಗೋಳಿಬಜೆ ಶನಿವಾರಕ್ಕೆ ಇಟ್ಟಿದ್ದೇನೆ, ಪೂರ್ತಿ ಬಿಡುವ ಆಸೆ ಇಲ್ಲ.

ಮಧ್ಯಾಹ್ನ ಬಟ್ಟಲಿಗೆ ಮೊದಲು ಪಲ್ಯ ಬೀಳಲಿ. ತೊಂಡೆಕಾಯಿ, ಹರಿವೆ, ಅಲಸಂಡೆ, ಯಾವುದಾದರೂ ಸರಿ. ಅನ್ನ ಆಮೇಲೆ. "ಕುಚ್ಚಲಕ್ಕಿ ಅಲ್ವಾ, ಒಳ್ಳೇದು" ಎಂದು ನಾಲ್ಕು ಸೌಟು ಹಾಕಿಕೊಳ್ಳುವವರಿದ್ದಾರೆ. ಒಳ್ಳೇದು ಹೌದು, ಆದರೆ ನಾಲ್ಕು ಸೌಟು ನಾಲ್ಕು ಸೌಟೇ. ಬಂಗುಡೆ ಮೀನನ್ನು ಎಣ್ಣೆಯಲ್ಲಿ ಕಾಯಿಸುವ ಬದಲು ಹುಳಿ-ಮೆಣಸಿನ ಪುಳಿಮುಂಚಿ ಗಸಿ ಮಾಡಿದರೆ ಎಣ್ಣೆ ಉಳಿಯಿತು, ರುಚಿಯೂ ಒಂದು ಕೈ ಮೇಲೆ.

ಮದುವೆ, ನೇಮ, ಪೂಜೆ ಎಂದು ಒಂದು ದಿನ ಲೆಕ್ಕ ತಪ್ಪಿದರೆ ಎಲ್ಲ ಬಿಟ್ಟುಬಿಡಬೇಡಿ. ಎಲೆ ಎದುರು ಕೂತು ಹೋಳಿಗೆ ಬೇಡ ಎನ್ನುವುದು ನನ್ನಿಂದಂತೂ ಆಗುವುದಿಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕಿ ಫಿಲಿಪಾ ಲ್ಯಾಲಿ ಮತ್ತು ಜೊತೆಯವರು 96 ಜನರನ್ನು ಹನ್ನೆರಡು ವಾರ ಗಮನಿಸಿದ್ದರು. ಅದು 2010ರಲ್ಲಿ ಅಚ್ಚಾಯಿತು. ಹೊಸ ಅಭ್ಯಾಸ ಕೂರಲು ಸುಮಾರು 66 ದಿನ ಬೇಕಾಯಿತಂತೆ. ಒಬ್ಬೊಬ್ಬರಿಗೆ ಒಂದೊಂದು ಥರ, 18ರಿಂದ 254 ದಿನದವರೆಗೆ. ಹನ್ನೆರಡು ವಾರ ದಾಟಿದ ದಿನಗಳು ಅವರು ಲೆಕ್ಕ ಹಾಕಿ ಅಂದಾಜು ಮಾಡಿದ್ದು. ನಡುವೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಹಾಳಾಗಲಿಲ್ಲ. ಇಪ್ಪತ್ತೊಂದು ದಿನ ಸಾಕು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ನಮ್ಮೂರಲ್ಲಿ ಅಭ್ಯಾಸ ಮುರಿಯುವುದು ಮದುವೆಯಿಂದಲ್ಲ, ಜೂನ್ ಮಳೆಯಿಂದ. "ಮಳೆ ಬಿಡಲಿ, ಶುರು ಮಾಡುವಾ" ಅಂದರೆ ಚೌತಿಯೇ ಬಂದುಬಿಡುತ್ತದೆ. ಅದಕ್ಕೇ ಮಳೆ ದಿನದ ಲೆಕ್ಕ ಮೇ ತಿಂಗಳಲ್ಲೇ ಬರೆದಿಡಿ. ಜಡಿಮಳೆ ಇದ್ದರೆ ಜಗಲಿಯಲ್ಲಿ ಹತ್ತು ನಿಮಿಷ ಆಚೆ ಈಚೆ ನಡೆಯುವುದು, ಮತ್ತೆ ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂರುವುದು. ಮಂಡಿ ನೋವಿದ್ದರೆ ಕುರ್ಚಿ ಮೇಲೆ ದಪ್ಪ ದಿಂಬು ಹಾಕಿ, ಎತ್ತರ ಆದಷ್ಟು ಏಳುವುದು ಸುಲಭ. ಜಗಲಿಯಲ್ಲಿ ಇರಚಲು ನೀರು ಬಿದ್ದಿದ್ದರೆ ಮೊದಲು ಒರೆಸಿ, ಕಾವಿ ನೆಲ ಜಾರುತ್ತದೆ.