ಆಷಾಢದಲ್ಲಿ ಮನೆ ಮಾರಿದ್ದು

ಮೈಸೂರಿನ ಜೆ.ಪಿ. ನಗರದಲ್ಲಿ ಮೂವತ್ತು ನಲವತ್ತರ ಸೈಟಿನಲ್ಲಿ ನಮ್ಮ ಮನೆ ಇತ್ತು. 2011ರಲ್ಲಿ ಕೊಂಡಿದ್ದು, ನೋಂದಣಿ ಖರ್ಚೂ ಸೇರಿ 30 ಲಕ್ಷಕ್ಕೆ. ನನ್ನ ಸಂಬಳದ ಮೇಲೆ ಸಾಲ, ನನ್ನ ಹೆಸರಲ್ಲೇ ಖಾತೆ. ತಾರಸಿಗೆ ಹೋದರೆ ಚಾಮುಂಡಿ ಬೆಟ್ಟ. ನಂಜನಗೂಡಿನ ಔಷಧಿ ಕಾರ್ಖಾನೆಗೆ ಹೋಗಿಬರಲು ಅದಕ್ಕಿಂತ ಅನುಕೂಲದ ಜಾಗ ಇನ್ನೊಂದಿರಲಿಲ್ಲ. 2024ರ ಬೇಸಿಗೆಯಲ್ಲಿ ಹೈದರಾಬಾದಿನಿಂದ ಕೆಲಸದ ಕರೆ ಬಂತು. ಹುದ್ದೆ ದೊಡ್ಡದು, ಸಂಬಳವೂ ಜಾಸ್ತಿ. ಜುಲೈನಲ್ಲಿ ಸೇರಬೇಕು ಅಂದರು.

"ಮಾರಬೇಡ, ಬಾಡಿಗೆಗೆ ಕೊಡು" ಅಂತ ಹೇಳದವರೇ ಇಲ್ಲ. ನಮ್ಮ ಅತ್ತೆಯಂತೂ ಮೊದಲ ಮನೆ ಮಾರಬಾರದು ಅಂತ ಊಟ ಬಿಡುವುದೊಂದು ಬಾಕಿ. ಆದರೆ ಲೆಕ್ಕ ಹಾಕಿ ನೋಡಿದರೆ, ಆ ಬೀದಿಯಲ್ಲಿ ಬಾಡಿಗೆ ಹುಟ್ಟುವುದು ತಿಂಗಳಿಗೆ 20,000. ಮನೆ ಬೆಲೆ 90 ಲಕ್ಷದ ಮೇಲೆ. ಅಂದರೆ ವರ್ಷಕ್ಕೆ ನೂರಕ್ಕೆ ಮೂರು ರೂಪಾಯಿಯೂ ಇಲ್ಲ. ಅದರಲ್ಲೇ ಕಂದಾಯ, ಸುಣ್ಣಬಣ್ಣ, ಬಾಡಿಗೆದಾರರು ಬದಲಾದಾಗಿನ ಖಾಲಿ ತಿಂಗಳುಗಳು. ಮಹಡಿ ಸ್ಲ್ಯಾಬಿನಲ್ಲಿ ನೀರು ಜಿನುಗಿದರೆ ನೋಡಲು ಏಳುನೂರು ಕಿಲೋಮೀಟರ್ ಓಡಿ ಬರಬೇಕು. ಜೊತೆಗೆ ಇನ್ನೂ 11 ಲಕ್ಷ ಸಾಲ ಬಾಕಿ. ಮನೆ ಮೇಲೆ ಪ್ರೀತಿ ಇದೆ ಅಂತ ಅದನ್ನು ದೂರದಿಂದ ಹಾಳಾಗಲು ಬಿಡುವುದು ನನಗೆ ಸರಿ ಕಾಣಲಿಲ್ಲ.

ಬೆಲೆ ಹೇಳುವ ಮುಂಚೆ ಕಾಗದಪತ್ರ ಜೋಡಿಸಿಟ್ಟುಕೊಂಡೆ. ಸೇರುವ ದಿನ ಗೊತ್ತಿರುವಾಗ ಮನೆ ಮಾರುವವರಿಗೆ ಇದೇ ಜೀವಾಳ ಅಂತ ನನ್ನ ಅನಿಸಿಕೆ. ಕೊಳ್ಳುವವರು ಸಿಕ್ಕಮೇಲೆ ಹುಡುಕಲು ಕೂತರೆ ಅವರ ವಕೀಲರು ಒಂದೊಂದೇ ಕೇಳುತ್ತಾ ಹೋಗುತ್ತಾರೆ. ಅಷ್ಟರಲ್ಲಿ ಅವರ ಉತ್ಸಾಹ ಇಳಿದಿರುತ್ತೆ. ಕ್ರಯಪತ್ರ, ಹಿಂದಿನ ಮಾಲೀಕರ ಪತ್ರ (ಇವೆರಡರ ನಕಲು, ಮೂಲ ಬ್ಯಾಂಕಿನಲ್ಲಿತ್ತು), ಖಾತಾ, ಆ ವರ್ಷದವರೆಗಿನ ಕಂದಾಯ ರಸೀದಿ, ಪ್ಲಾನ್, ಇಸಿ (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪ್ರಮಾಣಪತ್ರ). 2004ರ ಏಪ್ರಿಲ್‌ನಿಂದ ಈಚಿನ ಇಸಿ ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲೇ ಸಿಗುತ್ತೆ. ಅದಕ್ಕೂ ಹಿಂದಿನದು ಬೇಕಾದರೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಬೇಕು. ನಾವು ಮಾರಿದಾಗ ಇ-ಖಾತಾ (ಆನ್‌ಲೈನ್ ಖಾತಾ) ಕಡ್ಡಾಯ ಆಗಿರಲಿಲ್ಲ. ಅದೇ ವರ್ಷ ಅಕ್ಟೋಬರ್‌ನಿಂದ ಆಯಿತು. ಈಗ ಮಾರುವವರು ಮೊದಲು ಅದನ್ನೇ ಮಾಡಿಸಿಟ್ಟುಕೊಳ್ಳಿ.

ಬಣ್ಣ ಹೊಡೆಸಲಿಲ್ಲ. ಹೊಸ ಬಣ್ಣ ಕಂಡರೆ ಏನೋ ಮುಚ್ಚಿದ್ದಾರೆ ಅಂತಲೇ ಜನ ಅಂದುಕೊಳ್ಳುವುದು. ಹೇಗಿದ್ದರೂ ಬಂದವರು ತಮಗೆ ಬೇಕಾದ ಬಣ್ಣ ಹೊಡೆಸುತ್ತಾರೆ. ಹಿಂದಿನ ರೂಮಿನ ಮೂಲೆಯಲ್ಲಿ ಮಳೆಗಾಲದಲ್ಲಿ ತೇವ ಬರುತ್ತೆ ಅಂತ ನಾನೇ ತೋರಿಸುತ್ತಿದ್ದೆ. ಬ್ರೋಕರ್‌ಗೆ ಅದು ಸ್ವಲ್ಪವೂ ಹಿಡಿಸುತ್ತಿರಲಿಲ್ಲ.

ನೋಡಲು ಬಂದವರಲ್ಲಿ ಅರ್ಧ ಜನ ವಾಸ್ತುವಿನಲ್ಲೇ ವಾಪಸ್ ಹೋದರು. ಕೊನೆಗೆ ಕೊಂಡವರು ಹುಣಸೂರು ಕಡೆಯ ತಂಬಾಕು ಬೆಳೆಗಾರರು. ಮಕ್ಕಳ ಓದಿಗೆ ಮೈಸೂರಲ್ಲಿ ಮನೆ ಬೇಕಿತ್ತು. ಮೊದಲ ದಿನ ಹಿರಿಯರೊಬ್ಬರು ಜೊತೆಗೆ ಬಂದಿದ್ದರು. ನಾನು ಸಂಪಿಗೆ ಮರ ತೋರಿಸಿ, ನಾವೇ ನೆಟ್ಟಿದ್ದು ಅಂದೆ. ಅವರು ಮರ ನೋಡಲಿಲ್ಲ, ಬುಡ ನೋಡಿದರು. ಅಲ್ಲಿಂದ ಸಂಪಿಗೆ ಎಷ್ಟು ದೂರ ಅಂತ ಹೆಜ್ಜೆ ಹಾಕಿ ಅಳೆದರು. ಸಂಪಿಗೆ ಅಂದರೆ ನೀರಿನ ಸಂಪು! ಕಬ್ಬಿಣದ ಮುಚ್ಚಳ ಎತ್ತಿ, ಮೊಣಕಾಲೂರಿ, ಮೊಬೈಲ್ ಟಾರ್ಚ್ ಬಿಟ್ಟು ಒಳಗೆ ಇಣುಕಿದರು. "ಬೇರು ಗೋಡೆ ಒಡೆದಿಲ್ಲ ಬುಡಿ" ಅಂತ ಮಗನಿಗೆ ಹೇಳಿ ಎದ್ದು, ನನ್ನ ಕಡೆ ತಿರುಗಿ "ನೀರು ದಿನಾ ಬತ್ತದಾ ತಾಯಿ?" ಅಂದರು. ನನ್ನ ಬೆಟ್ಟದ ನೋಟಕ್ಕೆ ಅವರು ಕಾಸೂ ಕೊಡುವುದಿಲ್ಲ ಅಂತ ಆಗಲೇ ತಿಳಿಯಿತು. ಆಮೇಲೆ ಬಂದವರಿಗೆಲ್ಲ ನಮ್ಮವರೇ ಮನೆ ತೋರಿಸಿದರು. ನಾನು ಅಡುಗೆಮನೆ ಬಿಟ್ಟು ಈಚೆ ಬರಲಿಲ್ಲ.

ಮಾತು 92 ಲಕ್ಷಕ್ಕೆ ನಿಂತಿತು. ಅರ್ಧ ದುಡ್ಡು ನಗದಾಗಿ ಕೊಡುತ್ತೇವೆ, ಸರ್ಕಾರ ಗೊತ್ತುಮಾಡಿದ ಕನಿಷ್ಠ ಮಾರ್ಗಸೂಚಿ ಬೆಲೆಗೆ ರಿಜಿಸ್ಟರ್ ಮಾಡಿಕೊಳ್ಳೋಣ ಅಂದರು. ಎಲ್ಲ ಕಡೆ ನಡೆಯುವ ಮಾತೇ. ಆದರೆ ಆಸ್ತಿ ಮಾರಾಟಕ್ಕೆ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಂಡರೆ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಸಾಲದ್ದಕ್ಕೆ ಹೈದರಾಬಾದಿನಲ್ಲಿ ಫ್ಲಾಟ್ ಕೊಳ್ಳುವಾಗ ಆ ದುಡ್ಡನ್ನು ಏನು ಮಾಡಲಿ? ಪೂರ್ತಿ ಬ್ಯಾಂಕಿನ ಮೂಲಕವೇ ಆಗಬೇಕು ಅಂದೆ. ಎರಡು ದಿನ ಸುಮ್ಮನಿದ್ದು ಒಪ್ಪಿದರು. 50 ಲಕ್ಷ ಅಥವಾ ಮೇಲಿನ ಆಸ್ತಿಗೆ ಕೊಳ್ಳುವವರು 1% ಟಿಡಿಎಸ್ (ದುಡ್ಡು ಕೊಡುವಾಗಲೇ ಕಡಿಯುವ ತೆರಿಗೆ) ಹಿಡಿದು ನಮ್ಮ ಪ್ಯಾನ್‌ಗೆ ಕಟ್ಟಬೇಕು. ಅಂದರೆ 92,000. ಇದು ಅವರಿಗೆ ಹೊಸ ವಿಷಯ, ನಮ್ಮ ಆಡಿಟರ್ ಕೂತು ಫಾರಂ ತುಂಬಿಕೊಟ್ಟರು.

ಕಷ್ಟ ಬಂದಿದ್ದು ಆಷಾಢದಿಂದ. ಜುಲೈ ಮೊದಲ ವಾರ ಆಷಾಢ ಶುರು. ಕೊಳ್ಳುವವರ ತಾಯಿ ಆ ತಿಂಗಳಲ್ಲಿ ದುಡ್ಡೂ ಕೊಡಬಾರದು, ರಿಜಿಸ್ಟ್ರೂ ಬೇಡ ಅಂದುಬಿಟ್ಟರು. ವಾದ ಮಾಡಲಿಲ್ಲ. ಅಮಾವಾಸ್ಯೆಗೆ ಮುಂಚೆಯೇ ಕರಾರು ಮಾಡಿಕೊಂಡು 15 ಲಕ್ಷ ಅಡ್ವಾನ್ಸ್ ಹಾಕಿಸಿಕೊಂಡೆವು. ಕರಾರಿನಲ್ಲಿ ಒಂದು ಸಾಲು ಸೇರಿಸಿದೆವು: ಅಡ್ವಾನ್ಸಿನಲ್ಲಿ ಮೊದಲು ಮನೆಸಾಲ ತೀರಬೇಕು, ಮೂಲ ಪತ್ರಗಳು ಕೈಗೆ ಬಂದ ಮೇಲೆಯೇ ಉಳಿದ ಹಣ. ಇದರಿಂದ ಅವರಿಗೂ ಧೈರ್ಯ ಬಂತು. ಆ ತಿಂಗಳು ಅವರ ಪಾಲಿಗೆ ಅಶುಭ, ನನ್ನ ಪಾಲಿಗೆ ಬ್ಯಾಂಕಿನ ಕೆಲಸಕ್ಕೆ ಸಿಕ್ಕ ಪುರುಸೊತ್ತು.

ಬದಲಾಗುವ ಬಡ್ಡಿದರದ ಮನೆಸಾಲ ಬೇಗ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ. ಸಾಲ ತೀರಿದ 30 ದಿನದೊಳಗೆ ಮೂಲ ಪತ್ರ ವಾಪಸ್ ಕೊಡಬೇಕು, ತಡವಾದರೆ ದಿನಕ್ಕೆ 5,000 ಪರಿಹಾರ. 2023ರ ಡಿಸೆಂಬರ್‌ನಿಂದ ರಿಸರ್ವ್ ಬ್ಯಾಂಕಿನ ನಿಯಮ ಇದು. ನಮ್ಮ ಪತ್ರಗಳು ಬೇರೆ ಊರಿನ ಗೋದಾಮಿನಲ್ಲಿವೆ, ನಿಧಾನ ಆಗುತ್ತೆ ಅಂತ ಶಾಖೆಯವರು ರಾಗ ಎಳೆದರು. ನಮ್ಮವರು ಆ ನಿಯಮದ ಪ್ರತಿಯನ್ನೇ ಅರ್ಜಿಗೆ ಪಿನ್ ಮಾಡಿ ಕೊಟ್ಟರು. ಆಮೇಲೆ ನಿಧಾನ ಆಗಲಿಲ್ಲ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿರುವುದಿಲ್ಲ. ಸಾಲಕ್ಕೆ ಪತ್ರ ಅಡ ಇಟ್ಟಿದ್ದು ನೋಂದಣಿ ಆಗಿದ್ದರೆ, ಸಾಲ ತೀರಿಸಿದ ಮಾತ್ರಕ್ಕೆ ಅದು ಇಸಿಯಲ್ಲಿ ತೀರಿದಂತೆ ಕಾಣುವುದಿಲ್ಲ. ಋಣಮುಕ್ತಿ ಪತ್ರವನ್ನೂ ನೋಂದಾಯಿಸಬೇಕು.

ಅಷ್ಟರಲ್ಲಿ ನಾನು ಹೈದರಾಬಾದಿನಲ್ಲಿ ಕೆಲಸಕ್ಕೆ ಸೇರಿಯಾಗಿತ್ತು. ಜುಲೈ 23ರಂದು ಬಜೆಟ್. ಆಸ್ತಿ ಲಾಭದ ತೆರಿಗೆ 20%ರಿಂದ 12.5%ಗೆ ಇಳಿಯಿತು, ಆದರೆ ಕೊಂಡ ಬೆಲೆಗೆ ಹಣದುಬ್ಬರ ಸೇರಿಸಿ ಲೆಕ್ಕ ಹಾಕುವ ಸೌಲಭ್ಯ ಹೋಯಿತು. ಆಷಾಢದಿಂದಾಗಿ ನಮ್ಮ ನೋಂದಣಿ ಆ ದಿನದಿಂದ ಆಚೆಗೆ ಹೋಗಿತ್ತಲ್ಲ! ಹಳೆ ಲೆಕ್ಕದಲ್ಲಿ ನಮ್ಮ 30 ಲಕ್ಷ 59 ಲಕ್ಷ ಚಿಲ್ಲರೆ ಆಗುತ್ತಿತ್ತು, ತೆರಿಗೆ ಸುಮಾರು ಆರೂವರೆ ಲಕ್ಷ. ಹೊಸದರಲ್ಲಿ ಪೂರ್ತಿ 62 ಲಕ್ಷವೇ ಲಾಭ, ತೆರಿಗೆ 7.75 ಲಕ್ಷ. ಆ ವಾರ ನಿದ್ದೆ ಸರಿಯಾಗಿ ಬರಲಿಲ್ಲ. ಆಗಸ್ಟ್ ಮೊದಲ ವಾರ ಸರ್ಕಾರ ತಿದ್ದುಪಡಿ ತಂದು, ಜುಲೈ 23ಕ್ಕೆ ಮುಂಚೆ ಕೊಂಡ ಮನೆ, ಜಮೀನಿಗೆ ಎರಡರಲ್ಲಿ ಕಡಿಮೆ ತೆರಿಗೆ ಕಟ್ಟಿದರೆ ಸಾಕು ಅಂದಿತು.

ವರಮಹಾಲಕ್ಷ್ಮಿ ಹಬ್ಬಕ್ಕೆ ಮುಂಚಿನ ವಾರ ಕಾಚಿಗುಡ ಎಕ್ಸ್‌ಪ್ರೆಸ್‌ನಲ್ಲಿ ಬಂದು ಸಹಿ ಹಾಕಿದೆ. ಮನೆ ನನ್ನೊಬ್ಬಳ ಹೆಸರಲ್ಲಿದ್ದರೂ ನಮ್ಮವರೂ ಮಗನೂ ಸಮ್ಮತಿ ಸಾಕ್ಷಿಗಳಾಗಿ ಸಹಿ ಮಾಡಬೇಕಾಯಿತು. ಕೊಳ್ಳುವವರ ವಕೀಲರು ಕೇಳಿದ್ದು, ಕೇಳಿದ್ದರಲ್ಲಿ ತಪ್ಪೂ ಇಲ್ಲ. ಬೆರಳಚ್ಚು, ಫೋಟೋ ಎಲ್ಲ ಮುಗಿದು ಕೀ ಕೊಡುವಾಗ ಸಂಪಿಗೆ ಮರ ಕಡಿಯಬೇಡಿ ಅಂತ ಕೇಳಬೇಕು ಅನ್ನಿಸಿತು. ಕೇಳಲಿಲ್ಲ. ಮಾರಿದ ಮೇಲೆ ಅದು ಅವರ ಮರ.

ಸಾಲ ತೀರಿಸಿ ಉಳಿದಿದ್ದರಲ್ಲಿ ಲಾಭದ ಮೊತ್ತವನ್ನು ರಿಟರ್ನ್ಸ್ ಸಲ್ಲಿಸುವ ಗಡುವಿನೊಳಗೆ ಬ್ಯಾಂಕಿನ ಕ್ಯಾಪಿಟಲ್ ಗೇನ್ಸ್ ಖಾತೆಗೆ ಹಾಕಿದೆವು. ಮಾರಿದ ದಿನದಿಂದ ಎರಡು ವರ್ಷದೊಳಗೆ ಇನ್ನೊಂದು ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ತೆರಿಗೆ ಇಲ್ಲ. ಆ ಖಾತೆಯಿಂದ ದುಡ್ಡು ತೆಗೆಯಬೇಕಾದರೆ ಯಾಕೆ ಅಂತ ಫಾರಂನಲ್ಲಿ ಬರೆದುಕೊಡಬೇಕು, ಸುಮ್ನೆ ಎಟಿಎಂಗೆ ಹೋಗಿ ತೆಗೆಯುವ ಹಾಗಿಲ್ಲ. ನಮ್ಮಂಥವರಿಗೆ ಅದೇ ಒಳ್ಳೆಯದು. ಭಾನುವಾರ ಬಂದರೆ ಮಿಯಾಪುರ, ನಿಜಾಂಪೇಟೆ ಕಡೆ ಫ್ಲಾಟ್ ನೋಡಲು ಹೋಗುತ್ತೇವೆ. ಈಗ ನಾನೂ ಬಾಲ್ಕನಿಗೆ ಹೋಗುವ ಮುಂಚೆ ನಲ್ಲಿ ತಿರುಗಿಸಿ ನೋಡುತ್ತೇನೆ.