48 ಕೆ ಯಂತ್ರ 16 ಕೆ ಎಂದು ಹೇಳಿದಾಗ

ನನ್ನ ಸೋದರಮಾವ 1988ರಲ್ಲಿ ಕೊಂಡಿದ್ದ ಝಡ್‌ಎಕ್ಸ್ ಸ್ಪೆಕ್ಟ್ರಮ್ ಪ್ಲಸ್ ಎಂಬ ಮನೆಬಳಕೆಯ ಕಂಪ್ಯೂಟರ್ ಹಲವಾರು ಮಳೆಗಾಲಗಳನ್ನು ತೀರ್ಥಹಳ್ಳಿಯ ಮನೆಯ ಅಟ್ಟದಲ್ಲಿಯೇ ಕಳೆದಿತ್ತು. ಮೂಲತಃ ಬ್ರಿಟನ್ನಿನದಾದ ಈ ಯಂತ್ರ ಪರವಾನಗಿಯ ಮೇಲೆ ಭಾರತದಲ್ಲಿಯೂ ಮಾರಾಟವಾಗಿತ್ತು. ಮಾವ ಅದರಲ್ಲಿ ಅಡಿಕೆ ವ್ಯವಹಾರದ ಲೆಕ್ಕವಿಡುವುದಕ್ಕೆ ಬೇಸಿಕ್ ಭಾಷೆಯಲ್ಲಿ ತಾವೇ ಒಂದು ಪ್ರೋಗ್ರಾಂ ಬರೆದು, ಬೆಳೆಗಾರರ ಹೆಸರುಗಳ ಪಟ್ಟಿಯ ಸಮೇತ ಕ್ಯಾಸೆಟ್‌ನಲ್ಲಿ ಉಳಿಸಿದ್ದರು. ಯಂತ್ರವನ್ನು ಒರೆಸಿ ಟಿವಿಗೆ ಜೋಡಿಸಿದಾಗ ಪರದೆಯ ಮೇಲೆ 1982ರ ಹಕ್ಕುಸ್ವಾಮ್ಯದ ಸಾಲು ಸರಿಯಾಗಿಯೇ ಮೂಡಿತು. ಆದರೆ ಕ್ಯಾಸೆಟ್ ಹಾಕಿ ಲೋಡ್ ಮಾಡಲು ಹೊರಟಾಗ ಬಂದದ್ದು ‘ಔಟ್ ಆಫ್ ಮೆಮೊರಿ’ ಎಂಬ ಉತ್ತರ. "ಆಗ ಇದೇ ಪ್ರೋಗ್ರಾಂ ಓಡ್ತಿತ್ತಲ್ಲೋ, ಈಗೇನಾಯ್ತು ಅದಕ್ಕೆ?" ಎಂದು ಮಾವ ಕೇಳಿದರು.

ಅದೇ ಕಾಲದ ಇನ್ನೊಂದು ಕಂಪ್ಯೂಟರ್ ಕಮೊಡೋರ್ 64 ಆರಂಭವಾಗುತ್ತಲೇ 38911 ಬೈಟ್‌ಗಳು ಖಾಲಿ ಇವೆ ಎಂದು ಪರದೆಯ ಮೇಲೆ ಬರೆಯುತ್ತದೆ. ಸ್ಪೆಕ್ಟ್ರಮ್ ಹಾಗೆ ತಾನಾಗಿ ಏನನ್ನೂ ಹೇಳುವುದಿಲ್ಲ, ನಾವೇ ಕೇಳಬೇಕು. ಮೆಮೊರಿಯ ಕೊನೆಯ ವಿಳಾಸವನ್ನು ಅದು 23732 ಮತ್ತು 23733ನೇ ಬೈಟ್‌ಗಳಲ್ಲಿ ಬರೆದಿಟ್ಟುಕೊಂಡಿರುತ್ತದೆ. ‘ಪ್ರಿಂಟ್ ಪೀಕ್ 23732 + 256 * ಪೀಕ್ 23733’ ಎಂದು ಕೊಟ್ಟರೆ, ಅಂದರೆ ಆ ಎರಡು ಬೈಟ್‌ಗಳನ್ನು ಓದಿ ವಿಳಾಸ ಹೇಳು ಎಂದರೆ, 48 ಕೆ (ಕಿಲೋಬೈಟ್) ಮೆಮೊರಿಯ ಯಂತ್ರದಲ್ಲಿ 65535 ಬರಬೇಕು, 16 ಕೆ ಯಂತ್ರದಲ್ಲಿ 32767. ನಮ್ಮದು 48 ಕೆ ಯಂತ್ರವಾಗಿದ್ದರೂ 32767 ಎಂದಿತು. ಮೇಲಿನ 32 ಕೆ ಪೂರ್ತಿಯಾಗಿ ಕಾಣೆಯಾಗಿತ್ತು.

ಇಂತಹ ಸಂಖ್ಯೆ ಕಂಡಾಗ ಮೇಲಿನ ಎಂಟು ಮೆಮೊರಿ ಚಿಪ್‌ಗಳೂ ಹೋಗಿವೆ ಎಂದುಕೊಂಡು ಎಲ್ಲವನ್ನೂ ಕಿತ್ತು ಹಾಕುವವರಿದ್ದಾರೆ. ಅದಕ್ಕೆ ಮೊದಲು ಈ ಸಂಖ್ಯೆ ಹೇಗೆ ಹುಟ್ಟುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿದ್ಯುತ್ ಕೊಟ್ಟ ಕೂಡಲೇ ಯಂತ್ರದೊಳಗಿನ ಶಾಶ್ವತ ತಂತ್ರಾಂಶವು 65535ರಿಂದ ಕೆಳಮುಖವಾಗಿ ಪ್ರತಿಯೊಂದು ಬೈಟ್‌ನಲ್ಲಿಯೂ 2 ಎಂಬ ಬೆಲೆಯನ್ನು ತುಂಬುತ್ತದೆ. ಆಮೇಲೆ 16384ರಿಂದ ಮೇಲಕ್ಕೆ ಒಂದೊಂದಾಗಿ ಓದುತ್ತ, ಪ್ರತಿ ಬೈಟ್‌ನಿಂದ ಎರಡು ಸಲ ಒಂದೊಂದನ್ನು ಕಳೆಯುತ್ತದೆ. ಮೊದಲ ಸಲ ಸೊನ್ನೆ ಬರಬಾರದು, ಎರಡನೆಯ ಸಲ ಬರಲೇಬೇಕು. ಈ ನಿಯಮ ಎಲ್ಲಿ ಮುರಿಯುತ್ತದೆಯೋ ಅಲ್ಲಿಗೆ ಪರೀಕ್ಷೆ ನಿಲ್ಲುತ್ತದೆ, ಅದರ ಹಿಂದಿನ ವಿಳಾಸವೇ ಮೆಮೊರಿಯ ಕೊನೆ ಎಂದು ದಾಖಲಾಗುತ್ತದೆ. ಅಂದರೆ ಯಂತ್ರ ಕೊಡುವುದು ಸರಿಯಾಗಿರುವ ಮೆಮೊರಿಯ ಲೆಕ್ಕವನ್ನಲ್ಲ. ತಾನು ಮೊದಲ ದೋಷವನ್ನು ಕಂಡು ನಿಂತ ಜಾಗವನ್ನು ಮಾತ್ರ. ಮೇಲಿನ ಭಾಗದಲ್ಲಿ ಬೈಟ್‌ನ ಪ್ರತಿ ಬಿಟ್‌ಗೆ (ಸೊನ್ನೆ ಅಥವಾ ಒಂದು ಎಂಬ ಅಂಕಿಗೆ) ಒಂದರಂತೆ ಎಂಟು ಚಿಪ್‌ಗಳಿರುವುದರಿಂದ, ಅವುಗಳಲ್ಲಿ ಒಂದೇ ಒಂದು ಕೆಟ್ಟರೂ 32 ಕೆ ಇಡಿಯಾಗಿ ಮಾಯವಾದಂತೆ ಕಾಣಬಹುದು.

ಹೀಗಾಗಿ ಯಾವ ಬಿಟ್ ಎಂಬುದನ್ನು ಮೊದಲು ಹುಡುಕಿದೆ. ‘ಪೋಕ್ 40000, 0’ ಎಂದು ಕೊಟ್ಟು, ಅಂದರೆ 40000ನೇ ಬೈಟ್‌ನಲ್ಲಿ 0 ಬರೆದು, ಅದನ್ನೇ ಓದಿದರೆ 8 ಬಂದಿತು. 255 ಬರೆದರೆ 255, 170 ಬರೆದರೆ 170, ಆದರೆ 85 ಬರೆದರೆ 93. ಬೇರೆ ಬೇರೆ ವಿಳಾಸಗಳಲ್ಲಿಯೂ ಇದೇ ಕಥೆ. ವ್ಯತ್ಯಾಸ ಯಾವಾಗಲೂ 8 ಆಗಿದ್ದುದರಿಂದ ಸೊನ್ನೆಯಿಂದ ಎಣಿಸಿದರೆ ಮೂರನೆಯ ಬಿಟ್ ಸದಾ ಒಂದರಲ್ಲಿಯೇ ಸಿಕ್ಕಿಕೊಂಡಿದೆ ಎಂಬುದು ಖಚಿತವಾಯಿತು. ಈ ಬೋರ್ಡಿನಲ್ಲಿ ಮೇಲಿನ ಮೆಮೊರಿಯ ಚಿಪ್‌ಗಳು ಐಸಿ 15ರಿಂದ ಐಸಿ 22ರವರೆಗೆ ಬಿಟ್‌ಗಳ ಕ್ರಮದಲ್ಲಿಯೇ ಇರುವುದರಿಂದ, ಮೂರನೆಯ ಬಿಟ್ ಎಂದರೆ ಐಸಿ 18. ಎಂಟೂ ಬಿಟ್‌ಗಳು ಅಸ್ತವ್ಯಸ್ತವಾಗಿದ್ದಿದ್ದರೆ ನಾನು ಮೆಮೊರಿ ಚಿಪ್‌ಗಳನ್ನು ಮುಟ್ಟದೆ, ಅವುಗಳಿಗೆ ವಿಳಾಸವನ್ನು ಹಂಚುವ ಎರಡು 74ಎಲ್‌ಎಸ್157 ಐಸಿಗಳ ಕಡೆಗೆ ಹೋಗುತ್ತಿದ್ದೆ.

ಬೆಸುಗೆಗೆ ಕೈ ಹಾಕುವ ಮುನ್ನ ವೋಲ್ಟೇಜುಗಳನ್ನು ಅಳೆದೆ. ಕೆಳಗಿನ 16 ಕೆ ಭಾಗದ 4116 ಚಿಪ್‌ಗಳಿಗೆ ಮೂರು ಬಗೆಯ ವಿದ್ಯುತ್ ಬೇಕು: ಒಂದನೆಯ ಕಾಲಿನಲ್ಲಿ ಮೈನಸ್ 5, ಎಂಟರಲ್ಲಿ 12, ಒಂಬತ್ತರಲ್ಲಿ 5 ವೋಲ್ಟ್. ಮೇಲಿನ ಭಾಗದ 4532 ಚಿಪ್‌ಗಳಿಗೆ ಎಂಟನೆಯ ಕಾಲಿನಲ್ಲಿ 5 ವೋಲ್ಟ್ ಇದ್ದರೆ ಸಾಕು. ಎರಡೂ ಬಗೆಯವು ಹದಿನಾರು ಕಾಲಿನವು, ನೋಡಲು ಒಂದೇ ತರಹ. ಮೇಲಿನದಕ್ಕೆಂದು ತಂದ ಚಿಪ್ಪನ್ನು ಮೈಮರೆತು ಕೆಳಗಿನ ಜಾಗದಲ್ಲಿ ಕೂರಿಸಿದರೆ 12 ವೋಲ್ಟ್ ತಗುಲಿ ಅದು ಸುಟ್ಟೇ ಹೋಗುತ್ತದೆ. ಹಾಗೆಯೇ ಈ ಯಂತ್ರದ 9 ವೋಲ್ಟ್ ಅಡಾಪ್ಟರಿನ ಪಿನ್ನಿನ ನಡುಭಾಗ ನೆಗೆಟಿವ್ ಎಂಬುದನ್ನು ನೆನಪಿಡಬೇಕು. ಮನೆಯಲ್ಲಿರುವ ಬೇರೆ ಅಡಾಪ್ಟರನ್ನು ನೋಡದೆ ಚುಚ್ಚಬಾರದು.

4532ರ ಹಿಂದೆ ಒಂದು ಸ್ವಾರಸ್ಯವಿದೆ. ಅವು 64 ಕಿಲೋಬಿಟ್‌ನ ಚಿಪ್‌ಗಳಾಗಿ ತಯಾರಾಗಿ, ಪರೀಕ್ಷೆಯಲ್ಲಿ ಒಂದರ್ಧ ಸರಿಯಿಲ್ಲವೆಂದು ಕಂಡು, ಉಳಿದರ್ಧಕ್ಕಾಗಿ ಕಡಿಮೆ ಬೆಲೆಗೆ ಮಾರಾಟವಾದವು. ಯಾವ ಅರ್ಧವನ್ನು ಬಳಸಬೇಕೆಂಬುದನ್ನು ಬೋರ್ಡಿನ ಮೇಲಿನ ಒಂದು ತಂತಿ ತೀರ್ಮಾನಿಸುತ್ತದೆ, ಆದ್ದರಿಂದ ಎಂಟು ಚಿಪ್‌ಗಳಲ್ಲಿಯೂ ಅದೇ ಅರ್ಧ ಸರಿಯಿರಬೇಕು. ಇಂದು ಅಂತಹ ಜೋಡಿ ಹುಡುಕುತ್ತ ಅಲೆಯಬೇಕಿಲ್ಲ. ಎರಡೂ ಅರ್ಧ ಸರಿಯಿರುವ 4164 ಹಾಕಿದರೆ ತಂತಿ ಯಾವ ಕಡೆಗಿದ್ದರೂ ಕೆಲಸ ನಡೆಯುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹಳೆಯ ಬಿಡಿಭಾಗಗಳ ಅಂಗಡಿಯೊಂದರಿಂದ ನಾಲ್ಕು 4164 ತಂದೆ.

ಐಸಿ 18ರ ಕಾಲುಗಳು ಮಲೆನಾಡಿನ ತೇವಕ್ಕೆ ಕಪ್ಪಗಾಗಿದ್ದವು. ಚಿಪ್ಪನ್ನು ಇಡಿಯಾಗಿ ಉಳಿಸಿಕೊಳ್ಳುವ ಆಸೆಯಿಂದ ಬೋರ್ಡಿಗೆ ಹೆಚ್ಚು ಶಾಖ ಕೊಟ್ಟರೆ ತಾಮ್ರದ ಟ್ರ್ಯಾಕ್ ಎದ್ದುಬರುತ್ತದೆ. ಆದುದರಿಂದ ಸಣ್ಣ ಕಟರಿನಿಂದ ಹದಿನಾರು ಕಾಲುಗಳನ್ನೂ ಚಿಪ್ಪಿನ ಬುಡದಲ್ಲಿಯೇ ಕತ್ತರಿಸಿ, ಒಂದೊಂದು ಕಾಲನ್ನು ಚಿಮುಟದಲ್ಲಿ ಹಿಡಿದು ಬೆಸುಗೆ ಕರಗಿಸಿ ಹೊರತೆಗೆದೆ. ತೂತುಗಳನ್ನು ಪಂಪಿನಿಂದ ಶುಚಿಮಾಡಿ, ಸಾಕೆಟ್ ಕೂರಿಸಿ, ಅದರಲ್ಲಿ 4164 ಇಟ್ಟೆ. ಯಂತ್ರ ಈ ಸಲ 65535 ಎಂದಿತು.

ಕ್ಯಾಸೆಟ್ ಯಾವ ದೋಷವನ್ನೂ ತೋರಿಸದೆ ಲೋಡ್ ಆಯಿತು. ಮಾವ ಕನ್ನಡಕ ಹಾಕಿಕೊಂಡು ಹೆಸರುಗಳ ಪಟ್ಟಿಯನ್ನು ಓದುತ್ತ ಕುಳಿತವರು ಒಂದು ಕಡೆ ನಿಂತು, "ಈ ಹೆಸರಿನ ನಡುವೆ ಎರಡು ಎಲ್ಲಿಂದ ಬಂತೋ? ನಾನು ಹಾಗೆ ಬರ್ದಿರಲಿಲ್ಲ" ಎಂದರು. ಇಂಗ್ಲಿಷಿನ ಸಣ್ಣ ‘ಆರ್’ ಅಕ್ಷರ ಇರಬೇಕಾದಲ್ಲಿ 2 ಎಂಬ ಅಂಕಿ ಇತ್ತು. ಇನ್ನೊಂದು ಹೆಸರಿನಲ್ಲಿ ಸಣ್ಣ ‘ಎ’ ಬದಲಿಗೆ ಆಶ್ಚರ್ಯಸೂಚಕ ಚಿಹ್ನೆ. ‘ಆರ್’ ಅಕ್ಷರದ ಸಂಕೇತ 114, ಅಂಕಿ 2ರದು 50. ‘ಎ’ 97, ಆಶ್ಚರ್ಯಸೂಚಕ 33. ಎರಡರಲ್ಲಿಯೂ ವ್ಯತ್ಯಾಸ 64. ಆರನೆಯ ಬಿಟ್ ಎಲ್ಲೋ ಕಳೆದುಹೋಗುತ್ತಿತ್ತು. ಟೇಪು ಕೆಟ್ಟಿದ್ದರೆ ಲೋಡ್ ಮಾಡುವಾಗಲೇ ದೋಷ ಕಾಣುತ್ತಿತ್ತು. ಆದರೆ ಆ ತಾಳೆ ನಡೆಯುವುದು ಟೇಪಿನಿಂದ ಬಂದ ಬೈಟ್‌ಗಳ ಮೇಲೆ; ಅವು ಮೆಮೊರಿಯಲ್ಲಿ ಸರಿಯಾಗಿ ಕುಳಿತವೇ ಎಂಬುದನ್ನು ಅದು ನೋಡುವುದಿಲ್ಲ.

ಆರಂಭದ ಪರೀಕ್ಷೆಗೆ ಇದು ಏಕೆ ಸಿಗಲಿಲ್ಲ ಎಂಬುದು ಆಗ ಹೊಳೆಯಿತು. ಅದು ಬಳಸುವುದು 2, 1, 0 ಎಂಬ ಬೆಲೆಗಳನ್ನು ಮಾತ್ರ. ಮೇಲಿನ ಆರು ಬಿಟ್‌ಗಳು ಆ ಪರೀಕ್ಷೆಯುದ್ದಕ್ಕೂ ಸೊನ್ನೆಯಾಗಿಯೇ ಇರುತ್ತವೆ. ಅವುಗಳಲ್ಲೊಂದು ಒಂದರಲ್ಲಿ ಸಿಕ್ಕಿಕೊಂಡರೆ ಪರೀಕ್ಷೆ ಕಂಡುಹಿಡಿಯುತ್ತದೆ, ಸೊನ್ನೆಯಲ್ಲಿ ಸಿಕ್ಕಿಕೊಂಡರೆ ಏನೂ ತಿಳಿಯದೆ ಮುಂದೆ ಸಾಗುತ್ತದೆ. ಮೊದಲು ಇದ್ದದ್ದನ್ನು ಕಡಿಮೆಯಾಗಿ ತೋರಿಸಿದ ಯಂತ್ರವೇ ಈಗ ಕೆಟ್ಟದ್ದನ್ನೂ ಸರಿಯೆಂದು ತೋರಿಸುತ್ತಿತ್ತು.

ಹಾಗಾಗಿ ನಾನೇ ಒಂದು ಪರೀಕ್ಷೆ ಬರೆದೆ. ‘ಕ್ಲಿಯರ್ 32767’ ಎಂದು ಕೊಟ್ಟು ಬೇಸಿಕ್ಕನ್ನು ಕೆಳಗಿನ 16 ಕೆ ಒಳಗೇ ಇರಿಸಿದೆ. ಹಾಗೆ ಮಾಡದಿದ್ದರೆ ಪರೀಕ್ಷೆ ತನ್ನ ಕಾಲಕೆಳಗಿನ ನೆಲವನ್ನೇ ಅಗೆದು ಯಂತ್ರ ನಿಂತುಹೋಗುತ್ತದೆ. ಬಳಿಕ 32768ರಿಂದ 65535ರವರೆಗೆ ಒಂದು ಬೆಲೆಯನ್ನು ಪೂರ್ತಿಯಾಗಿ ತುಂಬಿ, ಆಮೇಲೆ ಮೊದಲಿನಿಂದ ಓದಿ ತಾಳೆ ನೋಡುವುದು. 0, 255, 85, 170 ಎಂಬ ನಾಲ್ಕು ಬೆಲೆಗಳಿಗೂ ಹೀಗೆಯೇ. ಬರೆದ ತಕ್ಷಣ ಓದುವುದಕ್ಕಿಂತ ಇದು ಮೇಲು, ಏಕೆಂದರೆ ಬೆಲೆಯನ್ನು ಹೆಚ್ಚು ಹೊತ್ತು ಹಿಡಿದಿಡಲಾರದ ಕೋಶಗಳೂ ಆಗ ಸಿಕ್ಕಿಬೀಳುತ್ತವೆ. ಬೇಸಿಕ್ ನಿಧಾನದ್ದಾದ್ದರಿಂದ ಬಹಳ ಹೊತ್ತು ಹಿಡಿಯಿತು. ಕೊನೆಗೆ ಹತ್ತೆಂಟು ವಿಳಾಸಗಳು ಹೊರಬಿದ್ದವು. ಅವುಗಳಲ್ಲಿ 255 ಬರೆದರೆ 191, 85 ಬರೆದರೆ 21. 0 ಮತ್ತು 170 ಮಾತ್ರ ಸರಿಯಾಗಿ ಬರುತ್ತಿದ್ದವು. ಎಲ್ಲವೂ ಆರನೆಯ ಬಿಟ್, ಅಂದರೆ ಐಸಿ 21.

ಅದನ್ನೂ ಅದೇ ರೀತಿಯಲ್ಲಿ ಬದಲಾಯಿಸಿ ಪರೀಕ್ಷೆಯನ್ನು ಮತ್ತೊಮ್ಮೆ ಪೂರ್ತಿಯಾಗಿ ಓಡಿಸಿದೆ. ಒಂದು ವಿಳಾಸವೂ ತಪ್ಪಲಿಲ್ಲ. ಉಳಿದ ಆರು ಹಳೆಯ ಚಿಪ್‌ಗಳನ್ನು ಹಾಗೆಯೇ ಬಿಟ್ಟಿದ್ದೇನೆ, ಮಿಕ್ಕ ಎರಡು 4164ಗಳನ್ನು ಯಂತ್ರದ ಪೆಟ್ಟಿಗೆಯಲ್ಲಿಯೇ ಇಟ್ಟಿದ್ದೇನೆ. ಪರೀಕ್ಷೆಯ ಪ್ರೋಗ್ರಾಂ ಈಗ ಮಾವನ ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿದೆ. ಪಟ್ಟಿಯನ್ನು ಲೋಡ್ ಮಾಡುವ ಮೊದಲು ಅವರು ಅದನ್ನೇ ಓಡಿಸುತ್ತಾರೆ.