ನಮಗ ಮಶಿನ್ ಬ್ಯಾಡ್ರಿ, ಒಂದು ಅಡ್ರೆಸ್ ಮಾಡಿಕೊಡ್ರಿ

ಸಿಂಧನೂರಿನ ಒಂದು ಓಣಿಯಲ್ಲಿ ತಗಡಿನ ಮನೆ. ಮೂಲೆಯಲ್ಲಿ ಹಳೇ ಸೀರೆ ಹೊದಿಸಿಟ್ಟ ಹೊಲಿಗೆ ಮಶಿನ್, ಅದರ ಮೇಲೆ ಜೋಳದ ಹಿಟ್ಟಿನ ಡಬ್ಬಿ, ಡಬ್ಬಿಗೆ ಒರಗಿಸಿದ ಹುಲಿಗೆಮ್ಮನ ಫೋಟೋ. ಆ ಮಶಿನ್ ಕೊಡಿಸಿದವರಲ್ಲಿ ನಾನೂ ಒಬ್ಬಳು. ತರಬೇತಿ ಮುಗಿಸಿದ, ಲೈಂಗಿಕ ವೃತ್ತಿಯಲ್ಲಿದ್ದ ಹನ್ನೆರಡು ಮಹಿಳೆಯರಿಗೆ ಸಭೆ ಮಾಡಿ, ಹಾರ ಹಾಕಿ, ಫೋಟೋ ತೆಗೆಸಿ ಹಂಚಿದ್ದೆವು. ಆರು ತಿಂಗಳು ಬಿಟ್ಟು ನೋಡಲು ಹೋದರೆ ಮಶಿನ್ ಅಡುಗೆಮನೆಯ ಕಟ್ಟೆಯಾಗಿತ್ತು.

"ಯಾಕವ್ವ, ಹೊಲಿಯಂಗಿಲ್ಲೇನು?" ಅಂದೆ.

"ನನ್ನ ಕೈಯಾಗ ಜಂಪರ್ ಹೊಲಿಸಾಕ ಈ ಓಣ್ಯಾಗ ಯಾರು ಬರ್ತಾರ್ರಿ ಅಕ್ಕಾರ? ನಮಗ ಮಶಿನ್ ಬ್ಯಾಡ್ರಿ. ಒಂದು ಅಡ್ರೆಸ್ ಮಾಡಿಕೊಡ್ರಿ, ಸಾಕು."

ಅದು 2019ರ ಮಾತು. ನಾನು ಕಾನೂನು ಸೇವಾ ಸಮಿತಿಯಲ್ಲಿ ಅರೆಕಾನೂನು ಸ್ವಯಂಸೇವಕಿ. ಕೋರ್ಟಿನಲ್ಲಿ ನಮ್ಮನ್ನು ಪಿಎಲ್‌ವಿ ಅನ್ನುತ್ತಾರೆ. ವಕೀಲರಲ್ಲ, ವಕೀಲರ ತನಕ ಜನರನ್ನು ಕರೆದೊಯ್ಯುವವರು. ಅಡ್ರೆಸ್ ಮಾಡಿಕೊಡುವುದು ಅಂದರೇನು ಅಂತ ಅವತ್ತು ನನಗೆ ತಿಳಿಯಲಿಲ್ಲ.

ಆಕೆ ಪ್ರತಿ ತಿಂಗಳು ತಪ್ಪದೆ ಬಾಡಿಗೆ ಕಟ್ಟುತ್ತಿದ್ದಳು, ಓಣಿಯ ಉಳಿದವರಿಗಿಂತ ಹೆಚ್ಚೇ. ಆದರೂ ಮನೆ ಮಾಲೀಕ ಬಾಡಿಗೆ ಕರಾರು ಬರೆದುಕೊಡುತ್ತಿರಲಿಲ್ಲ. ಕರೆಂಟ್ ಬಿಲ್ಲೂ ಅವನ ಹೆಸರಿನಲ್ಲೇ. ನಾನು ಸಿಟ್ಟಿನಲ್ಲಿ ಅವನ ಮನೆಗೇ ಹೋಗಿ ಜಗಳ ತೆಗೆದೆ. "ನಾಳಿ ಕೇಸಾದ್ರ ಒಳಗ ಹೋಗಾಂವ ನಾನ್ರೀ, ನೀವಲ್ಲ" ಅಂದ. ಮನೆಗೆ ಬಂದು ಕಾಯ್ದೆ ಓದಿದೆ. 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ಠಾಣೆಯವರ ಬಾಯಲ್ಲಿ ಐಟಿಪಿ ಅಥವಾ ಪಿಟಾ. ಅದರ 3ನೇ ಸೆಕ್ಷನ್ ಪ್ರಕಾರ ವೇಶ್ಯಾಗೃಹ ನಡೆಸುವವರಷ್ಟೇ ಅಲ್ಲ, ಗೊತ್ತಿದ್ದೂ ಅದಕ್ಕೆ ಮನೆ ಬಾಡಿಗೆ ಕೊಟ್ಟ ಮಾಲೀಕನೂ ಅಪರಾಧಿ. ಅದೇ ಕಾಯ್ದೆ ವೇಶ್ಯಾಗೃಹ ಅಂದರೇನು ಅಂತಲೂ ಹೇಳುತ್ತದೆ: ಬೇರೊಬ್ಬರ ಲಾಭಕ್ಕೆ ಅಥವಾ ಇಬ್ಬರು, ಇಬ್ಬರಿಗಿಂತ ಹೆಚ್ಚು ಮಹಿಳೆಯರು ಸೇರಿ ತಮ್ಮ ಲಾಭಕ್ಕೆ ಬಳಸುವ ಜಾಗ. ತನ್ನ ಪಾಡಿಗೆ ತಾನು ದುಡಿಯುವ ಒಬ್ಬಂಟಿ ಹೆಣ್ಣುಮಗಳ ಮನೆ ಅದಾಗುವುದಿಲ್ಲ. ಮಾಲೀಕನಿಗೆ ಇಷ್ಟೆಲ್ಲ ಯಾರು ಬಿಡಿಸಿ ಹೇಳಬೇಕು? ಅವನಿಗೆ ಗೊತ್ತಿದ್ದುದು ಕೇಸು ಅನ್ನುವ ಒಂದೇ ಪದ.

ಕರಾರಿಲ್ಲ, ಹಾಗಾಗಿ ವಿಳಾಸದ ದಾಖಲೆ ಇಲ್ಲ. ದಾಖಲೆ ಇಲ್ಲ, ಹಾಗಾಗಿ ಆಧಾರ್ ಇಲ್ಲ. ಆಧಾರ್ ಇಲ್ಲದೆ ಬ್ಯಾಂಕ್ ಖಾತೆ ಇಲ್ಲ, ರೇಷನ್ ಕಾರ್ಡ್ ಇಲ್ಲ, ಮಗನ ಹಾಸ್ಟೆಲ್ ಅರ್ಜಿಯೂ ಮುಂದೆ ಹೋಗುವುದಿಲ್ಲ. ತವರಿನ ಕಾರ್ಡಿನಿಂದ ಅವಳ ಹೆಸರನ್ನು ಅಣ್ಣಂದಿರು ಎಂದೋ ತೆಗೆಸಿದ್ದರು. ಇಂಥವಳಿಗೆ ನಾವು ಮಶಿನ್ ಕೊಟ್ಟು ಪುನರ್ವಸತಿ ಅಂತ ವರದಿ ಬರೆದಿದ್ದೆವು. ಆ ವರದಿಯಲ್ಲಿ ನನ್ನ ಸಹಿ ಇದೆ.

ಇಲ್ಲಿ ನನ್ನ ಮನೆಯ ಮಾತನ್ನೂ ಹೇಳಬೇಕು. ನನ್ನವ್ವನಿಗೆ ಹತ್ತನೇ ವಯಸ್ಸಿಗೆ ಹುಲಿಗಿಯಲ್ಲಿ ಮುತ್ತು ಕಟ್ಟಿ ದೇವದಾಸಿ ಮಾಡಿದ್ದರು. ಎಸ್ಸೆಸ್ಸೆಲ್ಸಿ ಫಾರ್ಮಿನಲ್ಲಿ ತಂದೆಯ ಹೆಸರಿನ ಜಾಗದಲ್ಲಿ ಪೆನ್ನು ನಿಂತ ಕ್ಷಣ ನನಗೆ ಇನ್ನೂ ನೆನಪಿದೆ. ಹಾಗಂತ ದೇವದಾಸಿಯರನ್ನೂ ಲೈಂಗಿಕ ವೃತ್ತಿಯವರನ್ನೂ ಒಂದೇ ಪಟ್ಟಿಗೆ ಸೇರಿಸಬಾರದು. ಕಚೇರಿಗಳಲ್ಲಿ ಈ ತಪ್ಪು ದಿನಾ ನೋಡುತ್ತೇನೆ. ದೇವದಾಸಿ ಪಿಂಚಣಿಗೆ 1993-94ರ ಅಥವಾ 2007-08ರ ಸಮೀಕ್ಷೆಯ ಪಟ್ಟಿಯಲ್ಲಿ ಹೆಸರಿರಬೇಕಿತ್ತು. ಮುತ್ತು ಕಟ್ಟುವುದನ್ನೇ 1982ರ ಕಾಯ್ದೆ ನಿಷೇಧಿಸಿತ್ತು. ನನ್ನವ್ವನಿಗೆ ಪಿಂಚಣಿ ಬರುತ್ತದೆ. ತಗಡಿನ ಮನೆಯ ಆಕೆಗೆ ಮುತ್ತೂ ಕಟ್ಟಿಲ್ಲ, ಪಟ್ಟಿಯೂ ಇಲ್ಲ. ಗಂಡ ಪುಣೆಗೆ ಗುಳೆ ಹೋದವನು ತಿರುಗಿ ಬರಲಿಲ್ಲ, ನಾಟಿಯ ಕೂಲಿ ವರ್ಷದಲ್ಲಿ ಕೆಲವೇ ವಾರ. ಅವಳ ದಾರಿಯೇ ಬೇರೆ, ಅವಳಿಗೆ ಸಿಗಬೇಕಾದ ಕಾಗದವೂ ಬೇರೆ.

2020ರ ಲಾಕ್‌ಡೌನಿನಲ್ಲಿ ಮೊದಲ ಸಲ ಬಾಗಿಲು ತುಸು ತೆರೆಯಿತು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೋ, ಗುರುತಿಸಿದ ಲೈಂಗಿಕ ವೃತ್ತಿಯ ಮಹಿಳೆಯರಿಗೆ ಗುರುತಿನ ಚೀಟಿ ಕೇಳದೆ ರೇಷನ್ ಕೊಡಿ ಅಂತ ಆ ವರ್ಷದ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟ್ ರಾಜ್ಯಗಳಿಗೆ ಹೇಳಿತು. ಆಮೇಲೆ 2022ರ ಮೇ 19ರ ಆದೇಶ. ಕೋಲ್ಕತ್ತದಲ್ಲಿ ಒಬ್ಬ ಹೆಣ್ಣುಮಗಳ ಕೊಲೆಯಿಂದ ಶುರುವಾದ ಬುದ್ಧದೇವ್ ಕರ್ಮಸ್ಕರ್ ಪ್ರಕರಣ ಅದು. ಮನೆಯ ವಿಳಾಸಕ್ಕೆ ದಾಖಲೆ ಇಲ್ಲದವರಿಗೆ ರಾಜ್ಯ ಏಡ್ಸ್ ನಿಯಂತ್ರಣ ಸಂಸ್ಥೆಯ ಯೋಜನಾ ನಿರ್ದೇಶಕರ ಅಥವಾ ನ್ಯಾಕೋದ ಗೆಜೆಟೆಡ್ ಅಧಿಕಾರಿಯ ಪ್ರಮಾಣಪತ್ರದ ಮೇಲೆ ಆಧಾರ್ ಕೊಡಬೇಕು, ಅವರ ವೃತ್ತಿ ತಿಳಿಯುವಂಥ ಯಾವ ಗುರುತೂ ನೋಂದಣಿಯಲ್ಲಿ ಇರಕೂಡದು ಅಂತ ಅದರಲ್ಲಿದೆ. ಮಾಲೀಕನ ಸಹಿ ಬೇಕಿಲ್ಲದ ದಾರಿ ಕಡೆಗೂ ಸಿಕ್ಕಿತು.

ದಾರಿ ಸಿಕ್ಕರೂ ನಡೆಯುವುದು ಸಲೀಸಾಗಿರಲಿಲ್ಲ. ಆ ಪ್ರಮಾಣಪತ್ರಕ್ಕೆ ಏಡ್ಸ್ ತಡೆ ಯೋಜನೆಯಲ್ಲಿ ಹೆಸರಿರಬೇಕು. ಹೆಸರು ಬರೆಸಿದರೆ ಊರಿಗೆಲ್ಲ ಗೊತ್ತಾಗುತ್ತದೆ ಅನ್ನುವ ಅಂಜಿಕೆಗೆ ಎಷ್ಟೋ ಮಂದಿ ದೂರ ಉಳಿದಿದ್ದರು. ಅವರನ್ನು ಒಪ್ಪಿಸಿದ್ದು ನಾನಲ್ಲ, ಆ ಯೋಜನೆಯ ಪಿಯರ್‌ಗಳು. ಅವರೂ ಅದೇ ವೃತ್ತಿಯಿಂದ ಬಂದವರು. ಸಂಜೆ ಬಸ್ ಸ್ಟ್ಯಾಂಡಿನ ಹಿಂದೆ ಚಹಾ ಕುಡಿಯುತ್ತ ಅವರು ಆಡಿದ ಮಾತಿಗೆ ನನ್ನ ಹತ್ತು ಕಾನೂನು ಶಿಬಿರ ಸಮವಲ್ಲ. ಕಾನೂನು ನೆರವಿನ ಕೆಲಸಕ್ಕೆ ಹೊಸದಾಗಿ ಬರುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಪಿಯರ್‌ಗಳ ಜೊತೆ ಕೂತು ಚಹಾ ಕುಡಿಯಿರಿ.

ಕಾಗದದ ಕೆಲಸ ನಡೆಯುತ್ತಿರುವಾಗಲೇ ಒಂದು ರಾತ್ರಿ ಫೋನ್ ಬಂತು. ಠಾಣೆಯೊಂದರಲ್ಲಿ ಮೂವರನ್ನು ಕೂಡಿಸಿದ್ದರು. ನಾನು ಹೋದಾಗ ಬೆಂಚಿನ ಕೆಳಗೆ ಮೂರು ಜೊತೆ ಚಪ್ಪಲಿ, ಮೇಜಿನ ಮೇಲೆ ಸಾಲಾಗಿ ಇಟ್ಟ ನಿರೋಧ್ ಪ್ಯಾಕೆಟ್. "ಇದೇ ಸಾಕ್ಷಿ ಐತಲ್ರೀ ಮೇಡಂ" ಅಂದರು ಅಲ್ಲಿದ್ದವರು. ಆ ಪ್ಯಾಕೆಟ್ ಸರ್ಕಾರದ ದುಡ್ಡಿನಲ್ಲೇ ಹಂಚಿದ್ದು. ನನ್ನ ಚೀಲದಲ್ಲಿ ಆದೇಶದ ಜೆರಾಕ್ಸ್ ಸದಾ ಇರುತ್ತದೆ, ಮಡಿಚಿ ಮಡಿಚಿ ಹರಿಯುವ ಹಾಗಾಗಿದೆ. ಕಾಂಡೋಮನ್ನು ಅಪರಾಧದ ಸಾಕ್ಷಿ ಅಂತ ಪರಿಗಣಿಸಬಾರದು, ಪೊಲೀಸರು ಈ ಮಹಿಳೆಯರನ್ನು ಗೌರವದಿಂದ ನಡೆಸಿಕೊಳ್ಳಬೇಕು, ಮಾಧ್ಯಮದವರು ಗುರುತು ಬಯಲು ಮಾಡಬಾರದು ಅನ್ನುವ ಸಾಲುಗಳಿಗೆ ಹಳದಿ ಸ್ಕೆಚ್ ಪೆನ್ ಎಳೆದಿದ್ದೇನೆ. ಅದನ್ನು ಮೇಜಿನ ಮೇಲೆ, ಪ್ಯಾಕೆಟ್‌ಗಳ ಪಕ್ಕ ಬಿಡಿಸಿಟ್ಟೆ. ಅಧಿಕಾರಿ ಎರಡು ಸಲ ಓದಿದರು. ವಾದ ಮಾಡಲಿಲ್ಲ. ಅರ್ಧ ತಾಸಿಗೆ ಮೂವರೂ ಹೊರಗೆ ಬಂದರು. ಒಬ್ಬಳ ಕೈಬಳೆ ಒಡೆದು ಮಣಿಕಟ್ಟಿನ ಹತ್ತಿರ ಗೀರಿತ್ತು. ಅದರ ಬಗ್ಗೆ ದೂರು ಕೊಡೋಣ ಅಂದೆ. "ನಾಳಿ ಅದೇ ದಾರ್ಯಾಗ ನಿಂದ್ರಬೇಕಲ್ರೀ" ಅಂದಳು. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತೇನೋ ಅನ್ನುವುದು ಇವತ್ತಿಗೂ ಮನಸ್ಸಿನಲ್ಲಿದೆ.

ಅವರಿಗೆ ನಾನು ಅವತ್ತು ಹೇಳಿದ ಇನ್ನೊಂದು ಮಾತು ದಂಡದ್ದು. ಸಾರ್ವಜನಿಕ ಜಾಗದಲ್ಲಿ ಗಿರಾಕಿ ಕರೆದ ಆರೋಪಕ್ಕೆ 1956ರ ಕಾಯ್ದೆಯ 8ನೇ ಸೆಕ್ಷನ್. ಮೊದಲ ಸಲಕ್ಕೆ ಆರು ತಿಂಗಳವರೆಗೆ ಸಜೆ ಅಥವಾ 500 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. "ತಪ್ಪಾಯ್ತು ಅಂತ ಒಪ್ಪಿಕೊಂಡು ದಂಡ ಕಟ್ಟಿ ಹೋಗಿಬಿಡು" ಅಂತ ಕೋರ್ಟಿನ ಮೆಟ್ಟಿಲ ಮೇಲೆ ಬುದ್ಧಿ ಹೇಳುವವರು ಬೇಕಾದಷ್ಟು ಮಂದಿ. ಕೂಲಿ ತಪ್ಪುವುದಿಲ್ಲ, ಕೇಸು ಮುಗಿಯಿತು ಅಂತ ಇವರೂ ಒಪ್ಪಿಬಿಡುತ್ತಾರೆ. ಆದರೆ ಅದು ಶಿಕ್ಷೆಯೆಂದೇ ದಾಖಲಾಗುತ್ತದೆ, ಮುಂದಿನ ಸಲ ಸಜೆ ಒಂದು ವರ್ಷದವರೆಗೂ ಹೋಗಬಹುದು. ಮಹಿಳೆಗೆ ವರಮಾನ ನೋಡದೆ ಉಚಿತ ವಕೀಲರನ್ನು ಕೊಡಬೇಕು ಅಂತ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ನಿನಲ್ಲೇ ಇದೆ. 15100ಕ್ಕೆ ಫೋನ್ ಮಾಡಿದರೂ ಸಾಕು. ಒಪ್ಪಿಕೊಳ್ಳುವ ಮೊದಲು ವಕೀಲರನ್ನು ಕೇಳು, ಇಷ್ಟನ್ನು ಪ್ರತಿಯೊಬ್ಬಳ ಕೈಹಿಡಿದು ಹೇಳುತ್ತೇನೆ.

1956ರ ಕಾಯ್ದೆಯ 4ನೇ ಸೆಕ್ಷನ್ ನನಗೆ ತೀರಾ ನೋವು ಕೊಡುವಂಥದ್ದು. ಲೈಂಗಿಕ ವೃತ್ತಿಯ ಗಳಿಕೆ ಅಂತ ಗೊತ್ತಿದ್ದೂ ಅದರ ಮೇಲೆ ಬದುಕುವ 18 ದಾಟಿದವರು ಅಪರಾಧಿಗಳು. ದಲ್ಲಾಳಿಗಳಿಗೆ ಅಂತ ಬರೆದದ್ದಿರಬಹುದು, ಆದರೆ ಅಕ್ಷರ ಹಿಡಿದು ಓದಿದರೆ ಕಾಲೇಜಿಗೆ ಹೋಗುವ ಮಗನೂ ಹಾಸಿಗೆ ಹಿಡಿದ ತಾಯಿಯೂ ಅದರೊಳಗೆ ಬರುತ್ತಾರೆ. ತಗಡಿನ ಮನೆಯ ಆಕೆಯ ಮಗನಿಗೆ ಹದಿನೆಂಟು ತುಂಬಿದ ದಿನ ಅವಳು ಸಿಹಿ ಮಾಡಲಿಲ್ಲ. ನನ್ನನ್ನು ಕರೆದು, "ಇವ ಇನ್ನ ನನ್ನ ಮನ್ಯಾಗ ಇರಬಹುದೇನ್ರಿ?" ಅಂತ ಕೇಳಿದಳು.

ಹದಿನೆಂಟರೊಳಗಿನ ಹುಡುಗಿ ಕಂಡರೆ ಈ ಯಾವ ಮಾತೂ ಅನ್ವಯಿಸುವುದಿಲ್ಲ. ಅಲ್ಲಿ ಒಪ್ಪಿಗೆಯ ಪ್ರಶ್ನೆಯೇ ಇಲ್ಲ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೋ ಕಾಯ್ದೆ ಇದೆ, ಮಕ್ಕಳ ಸಹಾಯವಾಣಿ 1098 ಇದೆ, ಮಕ್ಕಳ ಕಲ್ಯಾಣ ಸಮಿತಿ ಇದೆ. ಇದರಲ್ಲಿ ನನ್ನ ಕಡೆಯಿಂದಾಗಲಿ, ಪಿಯರ್‌ಗಳ ಕಡೆಯಿಂದಾಗಲಿ ಯಾವತ್ತೂ ರಾಜಿ ಇಲ್ಲ.

ಮಹಿಳಾ ಅಭಿವೃದ್ಧಿ ನಿಗಮದ ಚೇತನಾ ಯೋಜನೆಯಲ್ಲಿ ಲೈಂಗಿಕ ವೃತ್ತಿಯ ಮಹಿಳೆಯರಿಗೆ 30,000 ರೂಪಾಯಿ ಪ್ರೋತ್ಸಾಹಧನ ಇದೆ. ಅರ್ಜಿಯಲ್ಲಿ ಇವರನ್ನು "ದಮನಿತ ಮಹಿಳೆ" ಅನ್ನುತ್ತಾರೆ. ಆ ಪದವನ್ನು ಓದಿ ಹೇಳುವಾಗ ನನ್ನ ದನಿ ಇಳಿಯುತ್ತದೆ. ಇರಲಿ, ದುಡ್ಡು ಉಪಯೋಗಕ್ಕೆ ಬರುತ್ತದೆ. ಏನು ಮಾಡುತ್ತೀಯ ಅಂತ ಕೇಳಿದ್ದಕ್ಕೆ ಪಕ್ಕದ ಓಣಿಯ ಇನ್ನೊಬ್ಬಾಕೆ, "ಒಗ್ಗರಣಿ-ಮಿರ್ಚಿ ಬಂಡಿ" ಅಂದಳು. ಈ ಸಲ ನಾವು ತರಬೇತಿ ಅಂತ ತಲೆ ತಿನ್ನಲಿಲ್ಲ. ಬಂಡಿ, ದೊಡ್ಡ ಬಾಣಲೆ, ಗ್ಯಾಸ್ ಒಲೆ, ಎರಡು ಬೆಂಚು. ಬೀದಿ ವ್ಯಾಪಾರಿಯ ಗುರುತಿನ ಚೀಟಿಗೆ ನಗರಸಭೆಗೆ ನಾಲ್ಕು ಸಲ ಓಡಾಡಿದೆವು, ಅದರ ಮೇಲೆ ಬೀದಿ ವ್ಯಾಪಾರಿಗಳಿಗೆ ಸಾಲ ಕೊಡಿಸುವ ಕೇಂದ್ರದ ಸ್ವನಿಧಿ ಯೋಜನೆಯ ಮೊದಲ ಕಂತಿನ 10,000 ಸಾಲ ಸಿಕ್ಕಿತು. ನಸುಕಿನಲ್ಲಿ ರೈಸ್ ಮಿಲ್ಲಿನ ಹಮಾಲರು ಅವಳ ಕಾಯಂ ಗಿರಾಕಿಗಳು. ಗಿರಾಕಿ ಅನ್ನುವ ಪದ ಅವಳ ಬಾಯಲ್ಲಿ ಈಗ ಮಂಡಾಳ ತಿನ್ನಲು ಬರುವವರಿಗೆ. ಹಳೇ ವೃತ್ತಿ ಪೂರ್ತಿ ಬಿಟ್ಟಿದ್ದಾಳಾ? ನಾನು ಕೇಳಿಲ್ಲ. ಬಂಡಿ ಹಾಕಿಕೊಡಲು ಅದು ಷರತ್ತೂ ಆಗಿರಲಿಲ್ಲ.

ತಗಡಿನ ಮನೆಯ ಆಕೆಯ ಪ್ರಮಾಣಪತ್ರ ಬರಲು ಮೂರು ತಿಂಗಳು ಹಿಡಿಯಿತು. ಆಧಾರ್ ಕೇಂದ್ರದಲ್ಲಿ ಭತ್ತದ ನಾಟಿ, ಪಾತ್ರೆ ತಿಕ್ಕಿ ಸವೆದ ಬೆರಳಿನ ಗುರುತು ಮೂಡಲಿಲ್ಲ. ಒದ್ದೆ ಬಟ್ಟೆಯಿಂದ ಒರೆಸಿ, ಒತ್ತಿ, ಮತ್ತೆ ಒರೆಸಿ ಐದನೇ ಸಲಕ್ಕೆ ಹಿಡಿಯಿತು. ಕಾರ್ಡ್ ಅಂಚೆಯಲ್ಲಿ ಬಂದ ದಿನ ನಾನು ಅಲ್ಲೇ ಇದ್ದೆ. ಅಂಚೆಯಣ್ಣ ಹೊರಗೆ ನಿಂತು ಅವಳ ಪೂರ್ತಿ ಹೆಸರು ಹಿಡಿದು ಕೂಗಿದ. ಆ ಬಾಗಿಲಿಗೆ ಅವಳ ಹೆಸರಲ್ಲಿ ಬಂದ ಮೊದಲ ಪತ್ರ ಅದು. ಅವಳಿಗೆ ಓದಲು ಬಾರದು. ಲಕೋಟೆ ಹರಿದು ನನ್ನ ಕೈಗಿತ್ತಳು.

"ಎಲ್ಲಾ ಓದ್ರಿ. ಹಿಂದುಗಡೀದೂ."

ಹೆಸರು, ಹುಟ್ಟಿದ ದಿನ, ನಂಬರು, ಮನೆ, ಓಣಿ, ತಾಲ್ಲೂಕು, ಜಿಲ್ಲಾ ರಾಯಚೂರು, ಪಿನ್ ಕೋಡ್. ಒಂದೊಂದೇ ಓದಿದೆ.

"ಬ್ಯಾರೆ ಏನೂ ಬರ್ದಿಲ್ಲಲ್ರೀ?"

"ಇಲ್ಲವ್ವ."

"ಇನ್ನೊಂದ್ಸಲ ನೋಡ್ರಿ."

ಬೆಳಕಿಗೆ ಹಿಡಿದು, ತಿರುಗಿಸಿ, ಮೊದಲಿನಿಂದ ಮತ್ತೆ ಓದಿ ಹೇಳಿದೆ. ಅವಳು ಕಾರ್ಡನ್ನು ಇಸಿದುಕೊಂಡು ಹಿಟ್ಟಿನ ಡಬ್ಬಿಯ ಪಕ್ಕ, ಹುಲಿಗೆಮ್ಮನ ಫೋಟೋದ ಹಿಂದೆ ಇಟ್ಟಳು.